ಪಟ್ಟಿಯ ಕೊನೆಯ ಹೆಸರು

ಪ್ಯಾರಿಸ್ಸಿನಲ್ಲಿ ಬಟ್ಟೆ ಒಗೆಯುತ್ತಿದ್ದ ಸೋಲಾಂಜ್‌ಳನ್ನು ಸೈನಿಕರು ನಡುಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಹತ್ತೊಂಬತ್ತನೆಯ ಶತಮಾನದ ಆ ಫ್ರೆಂಚ್ ಕಾದಂಬರಿಯನ್ನು ಓದಿ ಮುಗಿಸಿದ ಅಮೆರಿಕದ ಮಿಲ್ಪಿಟಾಸಿನ ಕನ್ನಡ ಓದುಬಳಗ, ಅದರಲ್ಲಿ ಬರುವ, ನಿಜಕ್ಕೂ ನಡೆದಿದ್ದ ದಂಗೆಯಲ್ಲಿ ಮಡಿದವರಿಗಾಗಿ ಮೌನಾಚರಣೆಗೆ ಎದ್ದು ನಿಂತಿತ್ತು. ಜಯಂತಿ ಓದಬೇಕಿದ್ದ ಮೃತರ ಪಟ್ಟಿಯಲ್ಲಿ ಸೋಲಾಂಜ್‌ಳದು ಕೊನೆಯ ಹೆಸರು.

“ಅದನ್ನ ಹೊಡೆದುಹಾಕಿ ಮೇಡಂ. ಗುಂಡು ಹಾರಿಸೋಕೆ ಆರ್ಡರ್ ಕೊಟ್ಟ ಜನರಲ್ ಹಿಸ್ಟ್ರಿಯಲ್ಲಿದ್ದಾನೆ, ಇವಳು ಬರೀ ಕ್ಯಾರೆಕ್ಟರು,” ಎಂದ ಸಂಚಾಲಕ ಸಂದೇಶ್. “ನಾಳೆ ಸೀರಿಯಲ್ಲಲ್ಲಿ ಸತ್ತವರಿಗೂ ಎದ್ದು ನಿಲ್ಲಬೇಕಾ?”

ಒಂದಿಬ್ಬರು ನಕ್ಕರು. ಜಯಂತಿಗೆ ತಲೆ ಗೊಜಲಾಯಿತು. ಗುಂಡು ಹಾರಿದ್ದು ನಿಜ, ಹಾರಿಸಲು ಹೇಳಿದವನೂ ನಿಜ. ಹಾಗಾದರೆ ಅದು ತಗುಲಿದ್ದು ಯಾರಿಗೆ?

“ಆ ದಂಗೆಯಲ್ಲಿ ಸತ್ತ ಬಟ್ಟೆ ಒಗೆಯುವವರ ಹೆಸರು ಹಿಸ್ಟ್ರಿಯಲ್ಲಿ ಒಂದಾದ್ರೂ ಉಂಟಾ?”

“ನಂಗೆ ಸಿಗ್ಲಿಲ್ಲ,” ಎಂದು ಅವನು ಪೆನ್ನು ಚಾಚಿದ. “ಹೊಡೀರಿ, ಲೇಟಾಗ್ತಿದೆ.”

“ನನಗೇನೂ ಅರ್ಥ ಆಗ್ತಾ ಇಲ್ಲ ಸಂದೇಶ್,” ಎಂದಳು ಜಯಂತಿ. “ಆದ್ರೆ ಹೊಡೆಯುವುದಿಲ್ಲ.”