ಹನ್ನೊಂದು ಜನ ಅತ್ತೆ-ಮಾವ

ಕಾರು ಹಾಲಿನ ಡೈರಿ ದಾಟಿ ಇತ್ತ ತಿರುಗಿದ್ದೇ ತಡ, ರೂಪಶ್ರೀ ಓಡಿಬಂದು ಅಜ್ಜಿಯ ಮಂಚದ ಅಂಚಿಗೆ ಕುಳಿತಳು.

"ಬಂದ್ಬುಟ್ರು ಕಣಜ್ಜಿ. ಎಂಗಾದ್ರೂ ಮಾಡಿ ಕೆಡಿಸ್ಬುಡು."

ದೊಡ್ಡತಾಯಮ್ಮ ಮೊಮ್ಮಗಳ ಕೆನ್ನೆ ಸವರಿದಳು. "ಸುಮ್ಕಿರು ಮಗ. ಈ ಬಾಯಿ ಇನ್ಯಾತಕ್ಕಿರೋದು?"

ಹಾಸನದ ಒಂದು ಲ್ಯಾಬಿನಲ್ಲಿ ರೂಪಶ್ರೀಗೆ ಕೆಲಸ ಸಿಕ್ಕಿತ್ತು. ನಾಳೆ, ಸೋಮವಾರವೇ ಸೇರಬೇಕು. ಆದರೆ ಭಾನುವಾರದೊಳಗೆ ಗಂಡಿನ ಕಡೆಯವರು ಯಾರಾದರೂ ಬರಬಹುದು ಎಂದು ದಲ್ಲಾಳಿ ಕೃಷ್ಣಪ್ಪ ಅವಳ ತಂದೆ ಕಾಂತರಾಜುವಿಗೆ ಹೇಳಿದ್ದ. ಅಪ್ಪ ಮಗಳ ನಡುವೆ ಒಂದು ವಾರ ಜಗಳವಾಗಿ, ಎರಡು ಹೊತ್ತಿನ ಊಟ ಬಿಟ್ಟು, ಕೊನೆಗೆ ಒಪ್ಪಂದವಾಗಿತ್ತು. ಮೊದಲು ಬಂದವರು ಅವಳನ್ನು ಒಪ್ಪಿದರೆ ಮದುವೆ. ಒಪ್ಪದಿದ್ದರೆ ಹಾಸನ.

ಕಾರಿನಿಂದ ನಲವತ್ತೈದರ ಹೆಂಗಸೊಬ್ಬಳು, ಮೂವತ್ತರ ಯುವಕನೊಬ್ಬ ಇಳಿದರು. ಕೈಯಲ್ಲಿ ಹಣ್ಣಿನ ಚೀಲ.

"ನಾನು ತೇಜಶ್ರೀ. ಇವರು ಅಶೋಕ. ನಿಮ್ಮ ಬಾಗೂರಿಗೆ ವಾರವಾರ ಆರೋಗ್ಯದ ವ್ಯಾನ್ ಬರುತ್ತಲ್ಲ, ಆ ಸಂಸ್ಥೆಯವರು. ನಾವು ಬಂದಿರೋ ಉದ್ದೇಶ..."

"ಗೊತ್ತು ಬುಡಿ," ಎಂದ ಕಾಂತರಾಜು. ಬಂದವರ ಬಾಯಿಂದಲೇ ಬಂದ ಕಾರಣ ಹೇಳಿಸುವುದು ಆ ಮನೆಯಲ್ಲಿ ಮರ್ಯಾದೆಯಲ್ಲ. "ಮೊದ್ಲು ಉಪ್ಪಿಟ್ಟು ತಿನ್ನಿ. ಮಾತು ಆಮ್ಯಾಕೆ."

ರೂಪಶ್ರೀ ತಟ್ಟೆ ತಂದಳು. ಅಶೋಕ ತಲೆಯೆತ್ತದೆ ಈಸಿಕೊಂಡು ನೋಟ್‌ಬುಕ್ ಬಿಚ್ಚಿದ. ನಾಚಿಕೆ ಸ್ವಭಾವ, ಕಾಂತರಾಜುವಿಗೆ ಹಿಡಿಸಿತು.

"ಫಾರಿನ್ ಸಂಸ್ಥೆ ಅಂತಾರೆ. ಯಜಮಾನ್ರು ಯಾರು?"

"ಯಜಮಾನರು ಅಂತ ಒಬ್ಬರಿಲ್ಲ. ಟ್ರಸ್ಟಿಗಳ ಮಂಡಳಿ ಇದೆ. ಬೇರೆ ಬೇರೆ ದೇಶದ ಹನ್ನೊಂದು ಜನ ಕೂತು ತೀರ್ಮಾನ ಮಾಡ್ತಾರೆ. ಡೈರೆಕ್ಟರ್ ಕೂಡ ಅವರಿಗೆ ಉತ್ತರ ಹೇಳಬೇಕು."

ಕಾಂತರಾಜು ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿಯ ಕಡೆ ಬಾಗಿದ. "ಹನ್ನೊಂದು ಜನ ಅತ್ತೆ-ಮಾವ ಇದ್ದಂಗೆ ಕಣೇ." ಮತ್ತೆ ಇತ್ತ ತಿರುಗಿದ. "ಅವ್ರಿಗೆ ಸಂಬ್ಳ?"

"ಒಂದು ಪೈಸೆಯೂ ಇಲ್ಲ. ಹೋಗಿಬರೋ ಖರ್ಚು ಮಾತ್ರ."

"ಮತ್ತೆ ಸಂಸ್ಥೆಗೆ ದುಡ್ಡು ಎಲ್ಲಿಂದ ಬತ್ತದೆ?"

"ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಜನರದ್ದು. ಯಾರೋ ಟೀಚರು, ಯಾರೋ ಬಸ್ ಡ್ರೈವರು, ತಿಂಗಳಿಗಿಷ್ಟು ಅಂತ ಕಳಿಸ್ತಾರೆ. ಉಳಿದದ್ದು ದೊಡ್ಡ ದಾನಿಗಳದ್ದು. ಆದರೆ ಎಷ್ಟೇ ಕೊಟ್ಟರೂ, ಹೀಗೇ ನಡೀಬೇಕು ಅಂತ ಅವರು ಅಪ್ಪಣೆ ಮಾಡೋ ಹಾಗಿಲ್ಲ."

"ಅಂದ್ರೆ ತಿರ್ಕೊಂಡು ತಿನ್ನೋ ಸಂಸ್ಥೆ ಅನ್ನಿ!" ಮಂಚದಿಂದ ದನಿ ಬಂತು.

"ಅವ್ವಾ!" ಕಾಂತರಾಜು ಹಲ್ಲು ಕಚ್ಚಿದ.

ತೇಜಶ್ರೀ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. "ಒಂಥರಾ ಹಾಗೇ ಅಮ್ಮ. ಇನ್ನೂ ಹೇಳಿ."

"ಏಳ್ದೆ ಬುಟ್ಟೇನಾ? ನಿಮ್ ವ್ಯಾನು ಬೆಳಿಗ್ಗೆ ಏಳಕ್ಕೆ ಬತ್ತದೆ. ಆವಾಗ ಎಂಗಸ್ರೆಲ್ಲ ಡೈರಿ ಮುಂದೆ ನಿಂತಿರ್ತಾರೆ. ನಿಮ್ತಾವ ಬರೋರ್ಯಾರು? ಕೆಲ್ಸ ಇಲ್ದಿರೋ ಗಂಡಸ್ರು. ಮೆಟ್ಲು ನೋಡುದ್ರೆ ಸೊಂಟದೆತ್ತರ. ನನ್ನಂಗೆ ಮಂಡಿನೋವು ಅಂತ ಬಂದೋಳು ಅದುನ್ನ ಅತ್ತೋ ಅಂಗಿದ್ರೆ ನಿಮ್ತಾವ ಯಾಕ್ ಬತ್ತಾಳೆ? ದುಡ್ ಕೊಟ್ಟೋರ ಎಸ್ರು ವ್ಯಾನ್ ತುಂಬ ಬರ್ಸಿದ್ದೀರಿ. ಡಾಕ್ಟ್ರು ಯಾವತ್ತು ರಜಾ ಅಂತ ಒಂದಕ್ಷರ ಇಲ್ಲ."

ಅಶೋಕ ಹಾಳೆ ತಿರುಗಿಸಿ ಬರೆದ. ಬಾಗಿಲ ಮರೆಯಲ್ಲಿ ರೂಪಶ್ರೀ ವೇಲು ಬಾಯಿಗೆ ತುರುಕಿಕೊಂಡು ನಕ್ಕಳು. ಇಷ್ಟಾದ ಮೇಲೂ ಯಾರು ಒಪ್ಪುತ್ತಾರೆ?

"ಅರಕಲಗೂಡು, ಹೊಳೆನರಸೀಪುರ, ಎರಡು ಕಡೆ ನೋಡಿ ಬಂದ್ವಿ," ಎಂದಳು ತೇಜಶ್ರೀ. "ತುಂಬ ಒಳ್ಳೆಯವರು. ಕೇಳಿದ್ದಕ್ಕೆಲ್ಲ ಚೆನ್ನಾಗಿದೆ ಅಂತಾರೆ. ನಮಗೆ ಅಂಥವರು ಬೇಡ. ನಿಮ್ಮ ಮನೆಯವರಲ್ಲಿ ಯಾರಾದರೂ ನಮ್ಮಲ್ಲಿ ಕೆಲಸಕ್ಕಿದ್ದಾರಾ? ನಮಗೆ ಏನಾದರೂ ಮಾರೋದು, ಬಾಡಿಗೆಗೆ ಕೊಡೋದು?"

"ಇಲ್ಲ. ಬೇಕಂದ್ರೆ ಒಂದು ಬೈಕು..."

"ಏನೂ ಬೇಡ. ಕೊಡೋದು ತಗೊಳ್ಳೋದು ಇದ್ದರೆ ನಾವು ಎದ್ದು ಹೋಗಬೇಕಾಗುತ್ತೆ."

ಕಾಂತರಾಜುವಿನ ಕಣ್ಣು ತುಂಬಿತು. ಈ ಕಾಲದಲ್ಲಿ ಇಂಥ ಜನ!

"ಎದುರು ಮಾತಾಡೋ ಧೈರ್ಯ ಇದೆಯಾ?"

"ಎಲ್ಲಾದ್ರೂ ಉಂಟಾ? ಏಳಿದ್ದಕ್ಕೆಲ್ಲ ತಲೆ ಆಡುಸ್ತಾಳೆ."

ಒಳಗೆ ಒಂದು ಪಾತ್ರೆ ಜೋರಾಗಿ ಬಿತ್ತು. ತೇಜಶ್ರೀ ಅವನನ್ನು ಅನುಮಾನದಿಂದ ನೋಡಿದಳು. ದೊಡ್ಡತಾಯಮ್ಮ ಕೊನೆಯ ಬಾಣ ಹೂಡಿದಳು.

"ಅಲ್ಲ ಕಣವ್ವ, ನಿಮ್ ಹನ್ನೊಂದು ಜನ್ದಾಗೆ ಒಬ್ರಾದ್ರೂ ಆ ವ್ಯಾನ್ ಅತ್ತಿ ಮಾತ್ರೆ ನುಂಗವ್ರಾ?"

ತೇಜಶ್ರೀ ಅಶೋಕನಿಗೆ ಬರೆದುಕೊಳ್ಳಲು ಸನ್ನೆ ಮಾಡಿದಳು. "ಇಲ್ಲ."

"ಮತ್ತೆ ಅದೇನ್ ಆಳ್ತೀರೋ, ನಿಮ್ ತಲೆ!"

ಬಂದವರಿಬ್ಬರೂ ಮುಖ ಮುಖ ನೋಡಿಕೊಂಡರು. ಅಶೋಕ ತಲೆಯಾಡಿಸಿದ. ತೇಜಶ್ರೀ ಎದ್ದು ಕೈ ಮುಗಿದಳು.

"ನಮಗೆ ಒಪ್ಪಿಗೆ."

ರೂಪಶ್ರೀ ಬಾಗಿಲ ಮರೆಯಿಂದ ಅಜ್ಜಿಯನ್ನು ದುರುಗುಟ್ಟಿ ನೋಡಿದಳು. ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ಇಷ್ಟು ಬೈದ್ರೂ ಒಪ್ಬುಟ್ರಲ್ಲಪ್ಪ! ಎಂಥ ಮಾನಗೆಟ್ಟ ಜನ!"

ಕಾಂತರಾಜು ಆಗಲೇ ಕ್ಯಾಲೆಂಡರ್ ಮೊಳೆಯಿಂದ ಕಿತ್ತಿದ್ದ. "ಯಾವತ್ತು ಇಟ್ಕೊಳ್ಳಾನ?"

"ಮುಂದಿನ ತಿಂಗಳು ಹತ್ತು. ಸದ್ಯಕ್ಕೆ ಮೂರು ವರ್ಷ. ಎರಡೂ ಕಡೆ ಸರಿಹೋದರೆ ಇನ್ನೊಂದು ಮೂರು ವರ್ಷ."

ಕ್ಯಾಲೆಂಡರ್ ಕೈಜಾರಿತು. "ಮೂರು ವರ್ಸ? ಮದ್ವೆ ಅಂದ್ರೆ ಏನು ಟ್ರ್ಯಾಕ್ಟ್ರು ಬಾಡಿಗೆನಾ? ನನ್ ಮಗಳ್ನ ಏನಂದ್ಕೊಂಡ್ರಿ?"

"ಮದುವೆನಾ?" ತೇಜಶ್ರೀ ಕಣ್ಣರಳಿಸಿದಳು. "ಯಾರದ್ದು?"

ಅಶೋಕ ಮಂಚದ ಬಳಿ ಬಂದು ಕಾಗದವೊಂದನ್ನು ಬಿಡಿಸಿ, "ಔಷಧಿ ತಗೊಂಡವರಲ್ಲೇ ಒಬ್ಬರು ಮಂಡಳಿಯಲ್ಲಿ ಕೂತು ನಮ್ಮನ್ನ ಪ್ರಶ್ನೆ ಮಾಡಬೇಕು ಅಂತ ಹೊಸ ನಿಯಮ ಬಂದಿದೆ, ಹನ್ನೆರಡನೆಯ ಟ್ರಸ್ಟಿಯಾಗಿ ಇಲ್ಲೊಂದು ಸಹಿ ಹಾಕ್ತೀರಾ ದೊಡ್ಡತಾಯಮ್ಮನವರೇ?" ಎಂದು ಕೇಳಿ ಮುಗಿಸುವಷ್ಟರಲ್ಲಿ, ರೂಪಶ್ರೀ ಸೂಟ್‌ಕೇಸ್ ಇಳಿಸಲು ಅಟ್ಟ ಹತ್ತಿಯಾಗಿತ್ತು.