ಊರುಗೋಲಿನಷ್ಟು ದೂರ

"ಹಿಡ್ಕೋ," ಎಂದು ಟ್ರೌಗಟ್ ಸ್ಮಶಾನದ ಕಾಲುದಾರಿಯ ಈ ಬದಿಯಲ್ಲಿ, ಕೊನೆಯ ಗೋರಿಯ ಪಕ್ಕದ ಖಾಲಿ ಹುಲ್ಲಿನ ಮೇಲೆ ನಿಂತು ಊರುಗೋಲು ಚಾಚಿದ. ಆ ಬದಿಯಲ್ಲಿ, ಸರಿಯಾಗಿ ಎದುರಿಗೆ ನಿಂತಿದ್ದ ಹೆಂಡತಿ ಬೆನಿಗ್ನಾ ಅದರ ತುದಿ ಹಿಡಿದಳು. "ನೋಡು, ಕೈಗೆ ಸಿಗ್ತೀಯ!"

"ಹಾಗಾದ್ರೆ ನಿನ್ನ ಗೊರಕೆ ಇಲ್ಲೂ ತಪ್ಪೋಲ್ಲ ಬಿಡು," ಎಂದಳು ಅವಳು. ಡಾಕ್ಟರು ಅವನಿಗೆ ಕೊಟ್ಟ ಗಡುವು ಚೆರಿ ಹಣ್ಣಾಗುವವರೆಗೆ. ಅವನ ಹಿಂದೆಯೇ ಹೊರಡುವುದೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು.

ಬರ್ಲಿನ್ನಿನ ಈ ಬೊಹೀಮಿಯದವರ ಕೇರಿ ದುರಸ್ತಿಯಾಗಿ ಮಿರಮಿರ ಎನ್ನತೊಡಗಿದ ಮೇಲೆ ನೋಡಲು ಬರುವವರಿಗೆ ಬರವಿಲ್ಲ. ಗೇಟಿನ ಬಳಿ ಗೈಡ್ ಒಬ್ಬಳು ಹೇಳುತ್ತಿದ್ದಳು: "ಬೊಹೀಮಿಯದಿಂದ ವಲಸೆ ಬಂದ ಕಾಲದಿಂದ ಈ ಕ್ರೈಸ್ತ ಪಂಗಡದವರದ್ದು ಇದೇ ಪದ್ಧತಿ. ದಾರಿಯ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ಸತ್ತ ಸರದಿಯಲ್ಲೇ ಜಾಗ. ಗಂಡ ಹೆಂಡ್ತಿ ಆದ್ರೂ ಅಷ್ಟೇ."

ಅಷ್ಟರಲ್ಲಿ ತೋಟಗಾರ ಯೆನ್ಸ್ ಗೂಟ, ಹಗ್ಗ ಹಿಡಿದು ಬಂದ. "ಸ್ವಲ್ಪ ಸರೀರಿ ಬೆನಿಗ್ನಾ ಅಮ್ಮ. ಈ ಜಾಗ ಹುಲ್ಡಾ ಅಜ್ಜಿಗೆ. ಬೆಳಿಗ್ಗೆ ಹೋಗ್ಬಿಟ್ರು."

"ತೊಂಬತ್ತೆರಡು ವರ್ಷ ಕೂತವಳಿಗೆ ಇನ್ನೆರಡು ತಿಂಗಳು ಕೂರೋಕೆ ಏನಾಗಿತ್ತು ರೋಗ!" ಬೆನಿಗ್ನಾ ಸಿಡುಕಿದಳು. ಯೆನ್ಸ್ ತಲೆಯೆತ್ತದೆ ಗೂಟ ಬಡಿಯತೊಡಗಿದ.

ಅವಳು ಪಕ್ಕದ ಜಾಗಕ್ಕೆ ಸರಿದು ಕೈ ನೀಡಿದಳು. ಟ್ರೌಗಟ್ ನಿಂತಲ್ಲಿಂದಲೇ ಆದಷ್ಟೂ ಬಾಗಿ ಕೋಲು ಚಾಚಿದ. ಒಂದು ಗೇಣು ಸಾಲದಾಯಿತು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಿಗುತ್ತಿತ್ತು. ಅವಳು ಇಡಲಿಲ್ಲ. ಅಲ್ಲಿ ಮಲಗಿದ ಮೇಲೆ ಯಾರೂ ಹೆಜ್ಜೆ ಇಡುವುದಿಲ್ಲ.