ಪೂರ್ತಿ ಉಕ್ಕಿದ ಹಾಲು

ಹಾಲು ಸೀದ ವಾಸನೆ ಬಂದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಚನ್ನಪಟ್ಟಣದ ಬೊಂಬೆ ಕೆಲಸ ಹೋಗಿ, ರಾಮನಗರದ ರೇಷ್ಮೆ ಕೆಲಸವೂ ಹೋಗಿ, ಅಪ್ಪ ಯೂನಿವರ್ಸಿಟಿಯಲ್ಲಿ ಟೆಂಪರವರಿ ವಾಚ್‌ಮನ್ ಆಗಿದ್ದ. ಆ ಮಧ್ಯಾಹ್ನ ನಾವು ಅಲ್ಲಿನ ಕ್ವಾರ್ಟರ್ಸಿಗೆ ಬಂದೆವು. ಹಸಿ ಸುಣ್ಣದ ಅಡುಗೆಮನೆಯಲ್ಲಿ ಅವ್ವ ಶಾಸ್ತ್ರಕ್ಕೆಂದು ಹಾಲಿಟ್ಟಳು. ಅದು ಉಕ್ಕಿದ್ದೇ ಅಪ್ಪ ಸ್ಟವ್ ಆರಿಸಲು ಬಗ್ಗಿದ. ಅವ್ವ ಅವನ ಕೈ ಹಿಡಿದಳು.

"ಮುಟ್‌ಬ್ಯಾಡಿ. ಹಿಂದಿನ ಎರಡು ಮನೇಲೂ ಒಸಿ ಉಕ್ತಿದ್ದಂಗೆ ಇಳಿಸ್ಬುಟ್ಟೆ. ಎಲ್ಲೂ ಕೆಲ್ಸ ನಿಲ್ನಿಲ್ಲ. ಈ ಸಲ ಪೂರ್ತಿ ಉಕ್ಲಿ."

"ಮಗೀಗೂ ಇರೋದು ಅದೇ ಹಾಲು ಕಣಮ್ಮಿ."

ಅವ್ವ ಕೈ ಬಿಡಲಿಲ್ಲ. ಹಾಲು ಸುರಿದೂ ಸುರಿದೂ ಸ್ಟವ್ ತಾನೇ ಆರಿತು. ತೊಟ್ಟಿಲಿಲ್ಲದ ತಂಗಿ ಹಾಸಿಗೆ ಗಂಟಿನ ಮೇಲೆ ಅಳುತ್ತಿದ್ದಳು. ತಳದಲ್ಲಿ ಉಳಿದಿದ್ದ ಸೀದ ಹಾಲು ತಣಿದ ಮೇಲೆ ಅಪ್ಪ ಅದಕ್ಕೆ ಬೆರಳದ್ದಿ ಅವಳ ಬಾಯಿಗಿಟ್ಟ.

"ಈಗ ನಿಲ್ತದಾ ಕೆಲ್ಸ?" ಅವ್ವ ಕೇಳಿದಳು.

ಅಪ್ಪ ಮತ್ತೆ ಬೆರಳದ್ದಿದ.